ಜಪಾನಿನ ದ್ವೀಪಗಳ ಒಂಟಿ ಪ್ರಯಾಣದ ವಿಡಿಯೊಗಳು: ಅಪ್ಪನಿಗೆ ಮುಂದೆ ಯಾವುದು ಹಾಕಲಿ?

ಹಳೇರೂಟು:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಅದರ ಹಿಂದಿನ ಕಥೆ ಸ್ವಲ್ಪ ಉದ್ದ.

ನಮ್ಮಪ್ಪ 32 ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಹೋದ ವರ್ಷ ಸೊಂಟದ ಆಪರೇಷನ್ ಆಯಿತು. ಅಲ್ಲಿಂದ ಅವರ ರೂಟು ಅಂದರೆ ಮನೆಯಿಂದ ಗೇಟು, ಗೇಟಿನಿಂದ ಮನೆ. ಸೀರಿಯಲ್ ಕಂಡರೆ ಆಗುವುದಿಲ್ಲ. ನ್ಯೂಸ್ ಹಾಕಿದರೆ ಬಿಪಿ ಏರುತ್ತದೆ. ಒಂದು ರಾತ್ರಿ ನಾನು ಸುಮ್ನೆ ಒಂದು ಜಪಾನಿ ವಿಡಿಯೊ ಹಾಕಿಕೊಂಡು ಕೂತಿದ್ದೆ. ಯಾರೋ ಒಬ್ಬರೇ ಟೋಕಿಯೊದ ತಾಕೆಶಿಬಾ ಬಂದರಿನಲ್ಲಿ ರಾತ್ರಿ ಹತ್ತೂವರೆಯ ಹಡಗು ಹತ್ತುತ್ತಾರೆ. ಹಳದಿ ಬಣ್ಣದ ಹಡಗು. ಮಾತಿಲ್ಲ, ಮ್ಯೂಸಿಕ್ಕಿಲ್ಲ. ಎಂಜಿನ್ ಸದ್ದು, ಬಾಗಿಲ ಸದ್ದು, ಅಷ್ಟೇ. ಕಾರ್ಪೆಟ್ ಹಾಸಿದ ದೊಡ್ಡ ಹಾಲ್‌ನಲ್ಲಿ ಮದುವೆ ಮನೆಯ ಹಾಗೆ ಸಾಲಾಗಿ ಮಲಗುವುದು. ಬೆಳಗಿನ ಜಾವ ಐದಕ್ಕೆ ಮಿಯಾಕೆಜಿಮಾ, ಆರಕ್ಕೆ ಮಿಕುರಾಜಿಮಾ, ಒಂಬತ್ತರ ಹೊತ್ತಿಗೆ ಹಚಿಜೋಜಿಮಾ. ಮಲಗಿದ್ದ ಅಪ್ಪ ಎದ್ದು ಕೂತರು. "ಇದು ನಮ್ ನೈಟ್ ಸರ್ವೀಸೇ ಕಣೇ" ಅಂದರು.

ಅವರು ನೋಡುವುದು ಸಮುದ್ರ ಅಲ್ಲ. ಹಡಗು ದಡಕ್ಕೆ ಬಂದಾಗ ಕೆಳಗೆ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾರಲ್ಲ, ಅವರನ್ನು. ಹಡಗಿನಿಂದ ಮೊದಲು ಒಂದು ತೆಳ್ಳಗಿನ ದಾರ ಬೀಸಿ ಒಗೆಯುತ್ತಾರೆ. ಅದನ್ನು ಹಿಡಿದು ಎಳೆದರೆ ಹಿಂದೆಯೇ ತೋಳು ಗಾತ್ರದ ಹಗ್ಗ ನೀರಿನಿಂದ ಏರಿ ಬರುತ್ತದೆ. ಅದರ ಕುಣಿಕೆಯನ್ನು ಗೂಟಕ್ಕೆ ಹಾಕುತ್ತಾರೆ. ಅಷ್ಟನ್ನೇ ಮೂರು ಸಲ ಹಿಂದಕ್ಕೆ ಹಾಕಿಸಿದರು. ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಯಾವ ಹಡಗು, ಎಲ್ಲಿಂದ ಎಷ್ಟಕ್ಕೆ ಬಿಡುತ್ತೆ, ಎಲ್ಲೆಲ್ಲಿ ಸ್ಟಾಪು, ಎಲ್ಲ ಬರೆಯುತ್ತಾರೆ.

ನನಗೆ ಗೊತ್ತಿದ್ದ ವಿಡಿಯೊ ಎಲ್ಲ ಮುಗಿದಿವೆ. ಮುಂದೆ ಯಾವ ದ್ವೀಪ, ಯಾವ ಊರು ಹಾಕಲಿ? ಕಿರುಚಾಡುವವರು ಬೇಡ. ಜೊತೆಗೆ ನಾನು ಹೇಳುವುದಕ್ಕೆ ಆ ಜಾಗದ ವಿಷಯವನ್ನೂ ಸ್ವಲ್ಪ ತಿಳಿಸಿ. ಅಪ್ಪ ಪ್ರಶ್ನೆ ಕೇಳ್ತಾರೆ.

ಕಾಫಿಕುಡುಕ:
ನಾನೂ ಒಂದು ಕಾಲದಲ್ಲಿ ಬಿದ್ದು ಬಿದ್ದು ನೋಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಎಲ್ಲ ಒಂದೇ ಅಚ್ಚು. ಹಡಗು, ಕಪ್ ನೂಡಲ್ಸ್, ಬೆಕ್ಕು, ಬಾಗಿಲು ಹಾಕಿದ ಅಂಗಡಿ, ಸೂರ್ಯಾಸ್ತ. ಹತ್ತು ನೋಡಿದರೆ ನೂರು ನೋಡಿದ ಹಾಗೆ. ಅಪ್ಪನಿಗೆ ಬೇಗ ಬೇಜಾರಾಗುತ್ತೆ ನೋಡಿ.

ಯೊಕೊಹಾಮಾಅವಲಕ್ಕಿ:
ಒಂಬತ್ತು ವರ್ಷದಿಂದ ಜಪಾನಿನಲ್ಲೇ ಇದ್ದೇನೆ, ಕಾಫಿಕುಡುಕರ ಮಾತು ಒಪ್ಪುವುದಿಲ್ಲ. ಒಂದೇ ಅಚ್ಚಿನಲ್ಲಿ ಇರುವುದು ವಿಡಿಯೊಗಳು, ದ್ವೀಪಗಳಲ್ಲ. ಜಪಾನ್ ಸರ್ಕಾರ 2023ರಲ್ಲಿ ದ್ವೀಪಗಳನ್ನು ಮತ್ತೆ ಎಣಿಸಿತು. 14,125 ಬಂತು. 1987ರ ಲೆಕ್ಕದಲ್ಲಿ 6,852 ಇತ್ತು. ಹೊಸದಾಗಿ ಹುಟ್ಟಿದ್ದಲ್ಲ ಮತ್ತೆ! ನಕ್ಷೆ ಚೆನ್ನಾಗಾಗಿದೆ, ಎಣಿಸಿದ್ದು ಕಂಪ್ಯೂಟರ್. ಇಷ್ಟರಲ್ಲಿ ಜನ ಇರುವುದು 400 ಚಿಲ್ಲರೆಯಲ್ಲಿ.

ನಿಮ್ಮಪ್ಪ ಹಚಿಜೋಜಿಮಾದವರೆಗೆ ಬಂದಿದ್ದಾರೆ ಅಂದರೆ ಮುಂದಿನ ಸ್ಟಾಪು ಅಓಗಾಶಿಮಾ. ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಆದರೂ ಲೆಕ್ಕಕ್ಕೆ ಟೋಕಿಯೊ ಆಡಳಿತಕ್ಕೇ ಸೇರಿದ್ದು. ಇರುವುದು ಸುಮಾರು 170 ಜನ. ಜಪಾನಿನಲ್ಲಿ ಇಷ್ಟು ಕಡಿಮೆ ಜನ ಇರುವ ಪಂಚಾಯಿತಿ ಇನ್ನೊಂದಿಲ್ಲ. ಇಡೀ ದ್ವೀಪವೇ ಒಂದು ಜ್ವಾಲಾಮುಖಿ. ಬಾಣಲೆ ಒಳಗೆ ಇನ್ನೊಂದು ಸಣ್ಣ ಬಾಣಲೆ ಮಗುಚಿ ಇಟ್ಟ ಹಾಗೆ ಕಾಣುತ್ತದೆ. 1785ರಲ್ಲಿ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ದೋಣಿಯಲ್ಲಿ ಹಚಿಜೋಗೆ ಓಡಿ ಹೋದರು. ವಾಪಸ್ ಬಂದು ಊರು ಕಟ್ಟುವುದಕ್ಕೆ ಸುಮಾರು 50 ವರ್ಷ ಬೇಕಾಯಿತು. ಅಂದರೆ ಹೊರಟ ಎಷ್ಟೋ ಜನ ತಿರುಗಿ ಬರಲೇ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಬಂದರು. ಈಗಲೂ ನೆಲದಿಂದ ಹಬೆ ಬರುತ್ತದೆ. ಊರವರು ಅದಕ್ಕೆ ಹಿಂಗ್ಯಾ ಅಂತಾರೆ. ಆ ಹಬೆಯಲ್ಲಿ ಗೆಣಸು ಬೇಯಿಸುತ್ತಾರೆ, ಅದರ ಬಿಸಿಯಲ್ಲೇ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುತ್ತಾರೆ.

ನಾನೂ ವಿಡಿಯೊ ನೋಡಿಯೇ ಹೊರಟಿದ್ದೆ. ಹೋಗಲಾಗಲಿಲ್ಲ. ಹಚಿಜೋದಿಂದ ಹೆಲಿಕಾಪ್ಟರ್‌ನಲ್ಲಿ 20 ನಿಮಿಷ, ಆದರೆ ಅದರಲ್ಲಿರುವುದು ಒಂಬತ್ತೇ ಸೀಟು, ಯಾವತ್ತೋ ಭರ್ತಿ. ಹಡಗಿನಲ್ಲಿ ಸುಮಾರು 3 ಗಂಟೆ. ಬೆಳಿಗ್ಗೆ ಎದ್ದು ಬಂದರಿಗೆ ಹೋದರೆ ಬೋರ್ಡಿನಲ್ಲಿ 'ಕೆಕ್ಕೋ'. ಅಂದರೆ ಇವತ್ತು ಹಡಗಿಲ್ಲ. ಮಾರನೇ ದಿನವೂ ಕೆಕ್ಕೋ. ಆಕಾಶ ನೋಡಿದರೆ ಬಿಸಿಲು ಹೊಡೀತಾ ಇದೆ! ಮಳೆ ಅಲ್ಲ ಸಮಸ್ಯೆ, ಅಲೆ. ಅಓಗಾಶಿಮಾದ ಸುತ್ತ ಗೋಡೆಯಂಥ ಬಂಡೆ, ಅಲೆ ತಡೆಯುವ ಕೊಲ್ಲಿ ಒಂದೂ ಇಲ್ಲ.

ಇನ್ನೊಂದು ಪದ ಇದೆ, ಅಪ್ಪನಿಗೆ ಇಷ್ಟವಾಗಬಹುದು. 'ಜೋಕೆನ್‌ತ್ಸುಕಿ'. ಷರತ್ತಿನ ಮೇಲೆ ಹೊರಡುವ ಹಡಗು. ಹೊರಡುತ್ತೇವೆ, ದ್ವೀಪದ ಹತ್ತಿರ ಹೋಗಿ ನೋಡುತ್ತೇವೆ, ಕಟ್ಟಲಾಗದಿದ್ದರೆ ಇಳಿಸದೇ ಮುಂದೆ ಹೋಗುತ್ತೇವೆ. ಮಿಕುರಾಜಿಮಾಕ್ಕೆ ಇದು ಮಾಮೂಲು.

ಎರಡು ದಿನ ಹಚಿಜೋದಲ್ಲೇ ಕೂತೆ. ಅಲ್ಲಿನ ಸುಶಿಗೆ ವಸಾಬಿ ಅನ್ನೋ ಖಾರದ ಪೇಸ್ಟ್ ಬದಲು ಸಾಸಿವೆ ಹಚ್ಚುತ್ತಾರಂತೆ, ಮೀನಿನದು, ಅದು ನಮಗಲ್ಲ ಬಿಡಿ. ಅಶಿತಾಬಾ ಅಂತ ಒಂದು ಸೊಪ್ಪು. ಇವತ್ತು ಕಿತ್ತರೆ ನಾಳೆ ಚಿಗುರುತ್ತೆ ಅಂತ 'ನಾಳೆ ಎಲೆ' ಅನ್ನೋ ಹೆಸರು. ಅದರ ಬಜ್ಜಿ ಮಾಡಿ ಕೊಟ್ಟರು. ಅದ್ದಿಕೊಳ್ಳುವ ಸಾರಿನಲ್ಲಿ ಮೀನಿರುತ್ತೆ, ಹಾಗಾಗಿ ಬರೀ ಉಪ್ಪು. ಉಳಿದಂತೆ ನನ್ನ ಹೆಸರಿನಲ್ಲೇ ಇದೆಯಲ್ಲ, ಅದೇ ಕಾಪಾಡಿತು. ಚಟ್ನಿಪುಡಿ ಜೊತೆ.

ಹಳೇರೂಟು:
ಜೋಕೆನ್‌ತ್ಸುಕಿ ಕೇಳಿ ಅಪ್ಪ ಬಿದ್ದು ಬಿದ್ದು ನಕ್ಕರು. "ನಮ್ ಘಾಟಿ ರೂಟಲ್ಲಿ ಮಳೆಗಾಲದಲ್ಲಿ ಅದೇ ಅಲ್ವಾ. ಬೋರ್ಡ್ ಒಂದೂರಿಂದು, ಬಸ್ ಹೋಗೋದು ರಸ್ತೆ ಇರೋವರೆಗೆ." ನೋಟ್‌ಬುಕ್ಕಿನಲ್ಲಿ ಆ ಪದ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

ಟ್ರೈಪಾಡ್‌ಅಕ್ಕ:
ಇಂಥ ವಿಡಿಯೊ ಮಾಡಲು ಹೋಗಿ ಕೈ ಸುಟ್ಟುಕೊಂಡವಳು ನಾನು. ಆದ್ದರಿಂದ ಆ ಕಡೆಯ ಎರಡು ಮಾತು.

ಒಂಟಿ ಪ್ರಯಾಣದ ವಿಡಿಯೊದಲ್ಲಿ ಒಂದು ದೃಶ್ಯ ಇದ್ದೇ ಇರುತ್ತೆ. ಉದ್ದ ರಸ್ತೆ, ಬೆನ್ನ ಮೇಲೆ ಬ್ಯಾಗು, ಒಬ್ಬರೇ ದೂರ ನಡೆದು ತಿರುವಿನಲ್ಲಿ ಮರೆಯಾಗುತ್ತಾರೆ. ಆಹಾ ಅನಿಸುತ್ತೆ ಅಲ್ವಾ? ಆ ಮನುಷ್ಯ ಮರೆಯಾದ ಮೇಲೆ ತಿರುಗಿ ಓಡಿ ಬಂದು ಕ್ಯಾಮೆರಾ ಎತ್ತಿಕೊಳ್ಳಬೇಕು. ಅಂದರೆ ಆ ದಾರಿಯನ್ನು ಮೂರು ಸಲ ನಡೆದಿರುತ್ತಾರೆ. ನಾನು ಒನೊಮಿಚಿಯಲ್ಲಿ ಇದನ್ನು ಮಾಡಿದೆ. ಹಿರೋಶಿಮಾ ಪ್ರಾಂತ್ಯದ ಬಂದರಿನ ಊರು ಅದು. ಗುಡ್ಡದ ತುಂಬ ದೇವಸ್ಥಾನ, ಮೆಟ್ಟಿಲು, ಬೆಕ್ಕು. ಮೆಟ್ಟಿಲು ಹತ್ತಿ ಮರೆಯಾದೆ, ಇಳಿದು ಬಂದೆ. ನೋಡಿದರೆ ಲೆನ್ಸ್ ಮುಂದೆ ಬೆಕ್ಕು ಕೂತಿದೆ. ಎರಡೂವರೆ ನಿಮಿಷ ಬರೀ ಬೆಕ್ಕಿನ ಬೆನ್ನು. ಮತ್ತೆ ಹತ್ತಿದೆ. ಹಿಂದೆ ಬರುತ್ತಿದ್ದ ಅಜ್ಜಿ ನನಗೆ ದಾರಿ ತಪ್ಪಿದೆ ಅಂದುಕೊಂಡು ಕೈ ಹಿಡಿದು ಸ್ಟೇಷನ್‌ವರೆಗೆ ಬಿಟ್ಟು ಬಂದರು. ಆ ಅಜ್ಜಿ ವಿಡಿಯೊದಲ್ಲಿಲ್ಲ. ಮುಖ ತೆಗೆಯಲೇ ಎಂದು ಕೇಳುವಷ್ಟು ಜಪಾನಿ ನನಗೆ ಬರುತ್ತಿರಲಿಲ್ಲ. ಕೇಳದೇ ತೆಗೆಯುವುದಕ್ಕೆ ಮನಸ್ಸು ಬರಲಿಲ್ಲ. ಈ ವಿಡಿಯೊಗಳಲ್ಲಿ ಊರೆಲ್ಲ ಖಾಲಿ ಖಾಲಿ ಕಾಣುವುದಕ್ಕೆ ಅರ್ಧ ಕಾರಣ ಇದೇ. ಜನ ಇರುತ್ತಾರೆ. ಎಡಿಟಿಂಗ್‌ನಲ್ಲಿ ಹೋಗಿರುತ್ತಾರೆ, ಇಲ್ಲವೇ ಮುಖ ಮಸುಕಾಗಿರುತ್ತೆ.

ಇನ್ನೊಂದು ಸಿಟ್ಟು. ಒಂದು ದ್ವೀಪದಲ್ಲಿ ಮಿನ್‌ಶುಕುಗೆ ಫೋನ್ ಮಾಡಿಸಿದೆ. ಮನೆಯವರೇ ನಡೆಸುವ ಊಟ-ವಸತಿ ಅದು. ರೂಮಿದೆ, ಆದರೆ ಒಬ್ಬರಿಗೆ ಕೊಡಲ್ಲ, ಇಬ್ಬರಾದರೆ ಬನ್ನಿ ಅಂದರು. ಇದು ಅಲ್ಲಿ ಹೊಸದಲ್ಲ. ಒಬ್ಬರಿಗೂ ಇಬ್ಬರಿಗೂ ಕೆಲಸ ಒಂದೇ, ದುಡ್ಡು ಅರ್ಧ, ಅವರ ಲೆಕ್ಕ ನನಗೂ ಅರ್ಥ ಆಗುತ್ತೆ. ಆದರೂ ಆವತ್ತು ಕೊನೆಯ ದೋಣಿಯಲ್ಲಿ ವಾಪಸ್ ಬರುವಾಗ ಅಳು ಬಂತು. 'ಒಂಟಿ ಪ್ರಯಾಣದ ಸುಖ' ಅಂತ ಹೆಸರಿಟ್ಟು ಆ ವಿಡಿಯೊ ಹಾಕೋಕೆ ಆಗಲಿಲ್ಲ.

ಡ್ರೋನ್ ಒಯ್ಯುವವರಿಗೆ: 2022ರ ಜೂನ್‌ನಿಂದ 100 ಗ್ರಾಂ ಮೇಲ್ಪಟ್ಟ ಎಲ್ಲ ಡ್ರೋನ್‌ಗೂ ನೋಂದಣಿ ಕಡ್ಡಾಯ. ಪ್ರವಾಸಿಗಳಿಗೂ.

ಲಾಂಚ್‌ಹುಡ್ಗ:
ನಾನು ತುಮರಿ ಕಡೆಯವನು. ಹಳೇರೂಟು ಅವರ ಪೋಸ್ಟ್ ನೋಡಿ ಬರೆಯದೇ ಇರೋಕೆ ಆಗಲಿಲ್ಲ.

ಲಿಂಗನಮಕ್ಕಿ ಡ್ಯಾಂ 1964ರಲ್ಲಿ ಆಯಿತು, ಶರಾವತಿ ಹಿನ್ನೀರು ಬಂತು, ನಾವು ಆಚೆ ದಡದವರಾದೆವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚ್. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೋಗುವ ಭಕ್ತರು, ಆಸ್ಪತ್ರೆಗೆ ಹೋಗುವ ಬಾಣಂತಿ, ಎಲ್ಲರಿಗೂ ಅದೇ. ಸಂಜೆ ಲಾಂಚ್ ನಿಂತರೆ ಆಯಿತು, ಬೆಳಗಿನವರೆಗೆ ದ್ವೀಪವೇ. 2025ರ ಜುಲೈನಲ್ಲಿ ಸೇತುವೆ ಬಂತು, ಸುಮಾರು 2.4 ಕಿ.ಮೀ. ಈಗ ಐದು ನಿಮಿಷವೂ ಬೇಡ.

ಸೇತುವೆ ಬೇಕಿತ್ತು. ಇದರಲ್ಲಿ ಎರಡು ಮಾತಿಲ್ಲ. "ಲಾಂಚೇ ಚೆನ್ನಾಗಿತ್ತು" ಅಂತ ಬೆಂಗಳೂರಿನಲ್ಲಿ ಕೂತು ಹೇಳುವವರನ್ನು ಒಂದು ಮಳೆಗಾಲ ನಮ್ಮನೆಯಲ್ಲಿ ಇರಿಸಬೇಕು. ಆದರೂ ನಾನು ಒಂದು ಜಪಾನಿ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತೇನೆ. ಒಕಿನಾವಾದ ಮಿಯಾಕೊ ದ್ವೀಪದಿಂದ ಇರಾಬು ದ್ವೀಪಕ್ಕೆ ಹೋಗುತ್ತಿದ್ದ ಫೆರಿ. 2015ರ ಜನವರಿಯಲ್ಲಿ 3,540 ಮೀಟರ್ ಉದ್ದದ ಸೇತುವೆ ತೆರೆಯಿತು, ಫೆರಿ ನಿಂತಿತು. ಸೇತುವೆ ಮೇಲಿನ ವಿಡಿಯೊ ಸಾವಿರ ಇವೆ, ಪಚ್ಚೆ ನೀರು, ಡ್ರೋನು, ಸಂಗೀತ. ನನಗೆ ಬೇಕಾದ್ದು ಅದಲ್ಲ. ಯಾರೋ ಒಬ್ಬರು ಹಳೇ ಫೆರಿಯಲ್ಲಿ ಮೂಲೆ ಸೀಟಿನಲ್ಲಿ ಕೂತು ಸುಮ್ನೆ ತೆಗೆದದ್ದು. ಒಬ್ಬಾಕೆ ತರಕಾರಿ ಡಬ್ಬ ಕಾಲ ಹತ್ತಿರ ಇಟ್ಟುಕೊಂಡು ತೂಕಡಿಸುತ್ತಿದ್ದಾಳೆ. ಇಳಿಯುವ ಜಾಗ ಬಂತು ಅಂತ ಯಾರೂ ಎಬ್ಬಿಸುವುದಿಲ್ಲ. ಎಂಜಿನ್ ಸದ್ದು ಬದಲಾದ ತಕ್ಷಣ ಅವಳೇ ಎದ್ದು ಡಬ್ಬ ಎತ್ತಿಕೊಳ್ಳುತ್ತಾಳೆ. ನಮ್ಮ ಲಾಂಚಿನಲ್ಲಿ ನಮ್ಮಜ್ಜಿಯೂ ಹಾಗೇ ಏಳುತ್ತಿದ್ದರು.

ನಮ್ಮ ಲಾಂಚಿನ ಹಾಗೆ ಮಾಡಿದ ಒಂದು ವಿಡಿಯೊ ನನ್ನ ಹತ್ತಿರ ಇಲ್ಲ. ಇರುವುದೆಲ್ಲ ಸೆಲ್ಫಿ.

ಕಾಫಿಕುಡುಕ:
ಲಾಂಚ್‌ಹುಡ್ಗ ಬರೆದದ್ದು ಓದಿ ನನ್ನ ಮೊದಲ ಮಾತು ಅರ್ಧ ವಾಪಸ್ ತಗೋತೀನಿ. ಇನ್ನರ್ಧ ಇಟ್ಟುಕೊಳ್ತೀನಿ.

ನನಗೆ ಆಗದೇ ಇರುವುದು ಪಾಳುಬಿದ್ದದ್ದನ್ನು ನೋಡಿ ಆಹಾ ಅನ್ನುವುದು. ನಾಗಾಸಾಕಿ ಹತ್ತಿರ ಹಾಶಿಮಾ ಇದೆ, ಯುದ್ಧನೌಕೆಯ ಹಾಗೆ ಕಾಣುತ್ತೆ ಅಂತ ಗುಂಕಾನ್‌ಜಿಮಾ ಅಂತಾರೆ. ಉದ್ದ 480 ಮೀಟರ್, ಅಗಲ 160 ಮೀಟರ್. ಸಮುದ್ರದ ಕೆಳಗೆ ಕಲ್ಲಿದ್ದಲು. 1959ರಲ್ಲಿ ಆ ತುಂಡು ಜಾಗದಲ್ಲಿ 5,259 ಜನ ಇದ್ದರು. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ ಹೊತ್ತಿಗೆ ಒಬ್ಬರೂ ಇಲ್ಲ. 2009ರಿಂದ ಪ್ರವಾಸಿಗಳಿಗೆ ಬಿಟ್ಟರು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಯಾವ ವಿಡಿಯೊ ನೋಡಿದರೂ ಮುರಿದ ಕಿಟಕಿ, ಪಿಯಾನೊ. ಯುದ್ಧದ ಕಾಲದಲ್ಲಿ ಕೊರಿಯಾ ಮತ್ತು ಚೀನಾದಿಂದ ಹಿಡಿದು ತಂದವರನ್ನು ಅದೇ ಗಣಿಯಲ್ಲಿ ದುಡಿಸಿದರು. ನಾನು ನೋಡಿದವುಗಳಲ್ಲಿ ಅದನ್ನು ಹೇಳಿದ್ದು ಒಂದೋ ಎರಡೋ.

ಒಕುನೊಶಿಮಾ ಇನ್ನೂ ವಿಚಿತ್ರ. ಮೊಲಗಳ ದ್ವೀಪ ಅಂತ ಎಲ್ಲರಿಗೂ ಮುದ್ದು. 1929ರಿಂದ ಯುದ್ಧ ಮುಗಿಯುವವರೆಗೆ ಅಲ್ಲಿ ವಿಷಾನಿಲ ತಯಾರಾಗುತ್ತಿತ್ತು. ಗುಟ್ಟಾಗಿರಲಿ ಅಂತ ನಕ್ಷೆಯಿಂದಲೇ ತೆಗೆದಿದ್ದರು. ಅಲ್ಲಿ ಸಣ್ಣ ಮ್ಯೂಸಿಯಂ ಇದೆ, ಆದರೆ ಕ್ಯಾಮೆರಾ ಮೊಲದ ಹಿಂದೆ ಹೋಗುತ್ತೆ. ಮಾತಿಲ್ಲದ ವಿಡಿಯೊ ಇಂಪು ನಿಜ. ಆದರೆ ಮಾತಾಡಬೇಕಾದ ಕಡೆಯೂ ಸುಮ್ಮನಿದ್ದರೆ ಹೇಗೆ?

ಯೊಕೊಹಾಮಾಅವಲಕ್ಕಿ:
ಈ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಖಾಲಿಯಾಗುವ ಕಥೆ ಮಾತ್ರ ಅಲ್ಲ ಇರುವುದು. ಓಕಿ ದ್ವೀಪಗಳಲ್ಲಿ ಆಮಾ ಅನ್ನೋ ಊರಿದೆ. 1221ರಲ್ಲಿ ಗೊ-ತೊಬಾ ಚಕ್ರವರ್ತಿಯನ್ನು ಗಡೀಪಾರು ಮಾಡಿದ್ದು ಅಲ್ಲಿಗೇ. ಮಕ್ಕಳಿಲ್ಲದೆ ಹೈಸ್ಕೂಲ್ ಮುಚ್ಚುವ ಹಂತಕ್ಕೆ ಬಂದಾಗ ಊರವರು ಬೇರೆ ಕಡೆಯ ಮಕ್ಕಳನ್ನೇ ಕರೆದರು. ಬನ್ನಿ, ಇಲ್ಲೇ ಹಾಸ್ಟೆಲಿನಲ್ಲಿದ್ದು ಓದಿ ಅಂತ. ಟೋಕಿಯೊ, ಒಸಾಕಾದಿಂದ ಮಕ್ಕಳು ಬಂದರು, ಸ್ಕೂಲು ಉಳಿಯಿತು. ಈಗ ಇದನ್ನು ನೋಡಿ ಬೇರೆ ದ್ವೀಪಗಳೂ ಹಾಗೇ ಮಾಡುತ್ತಿವೆ.

ಆ ಊರಿನ ಘೋಷಣೆ 'ನಾಯ್ ಮೊನೊ ವಾ ನಾಯ್'. ಜಪಾನಿಯಲ್ಲಿ ಇದಕ್ಕೆ ಎರಡು ಅರ್ಥ ಇದೆ. ಇಂಗ್ಲಿಷಿಗೆ ಹಾಕುವವರು ಒದ್ದಾಡುತ್ತಾರೆ. ಕನ್ನಡದಲ್ಲಿ ಕಷ್ಟವೇ ಇಲ್ಲ: 'ಇಲ್ಲದ್ದು ಇಲ್ಲ'. ಒಂದು ರೀತಿ ಓದಿದರೆ ಇಲ್ಲಿ ಮಾಲ್ ಇಲ್ಲ, ಸಿನಿಮಾ ಇಲ್ಲ, ಇಲ್ಲ ಅಂದ್ರೆ ಇಲ್ಲ. ಇನ್ನೊಂದು ರೀತಿ ಓದಿದರೆ ಇಲ್ಲಿ ಇಲ್ಲ ಅನ್ನುವಂಥದ್ದೇ ಇಲ್ಲ. ಅಲ್ಲಿಗೆ ಹೋಗುವ ಹಡಗಿನ ವಿಡಿಯೊ ಹಾಕಿ. ಸಾಕಾಯ್‌ಮಿನಾತೊ ಅಥವಾ ಶಿಚಿರುಯಿಯಿಂದ ಹೊರಡುತ್ತೆ.

ಮಂಡ್ಯಕಬ್ಬು:
ಕಂಡಕ್ಟರ್ ಸಾಹೇಬರಿಗೆ ಹಗ್ಗ ಇಷ್ಟ ಅಂದ್ರಲ್ಲ. ಹಾಗಾದರೆ ಮಿನಾಮಿದಾಯ್‌ತೊ ಹಾಕಿ. ಒಕಿನಾವಾದ ಮುಖ್ಯ ದ್ವೀಪದಿಂದ ಪೂರ್ವಕ್ಕೆ ಸುಮಾರು 360 ಕಿ.ಮೀ. ಸುತ್ತ ಕಡಿದಾದ ಬಂಡೆ. ಹಡಗನ್ನು ದಡಕ್ಕೆ ತಾಗಿಸಿದರೆ ಜಜ್ಜಿ ಹೋಗುತ್ತೆ ಅಂತ ಹಗ್ಗದಲ್ಲಿ ಬಿಗಿದು ಸ್ವಲ್ಪ ದೂರದಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಜನರನ್ನು ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ ಕ್ರೇನ್‌ನಲ್ಲಿ ಎತ್ತಿ ದಡಕ್ಕೆ ಇಳಿಸುತ್ತಾರೆ! ಕಾರು, ಫ್ರಿಜ್ಜು, ಈರುಳ್ಳಿ ಮೂಟೆ, ಎಲ್ಲದಕ್ಕೂ ಅದೇ ಕ್ರೇನು.

ನಾನು ನೋಡೋಕೆ ಶುರು ಮಾಡಿದ್ದು ಬೇರೆ ಕಾರಣಕ್ಕೆ. ಅದು ಪೂರ್ತಿ ಕಬ್ಬಿನ ದ್ವೀಪ. 1900ರವರೆಗೆ ಅಲ್ಲಿ ಮನುಷ್ಯರೇ ಇರಲಿಲ್ಲ. ಹಚಿಜೋಜಿಮಾದಿಂದ ಬಂದವರು ಕಾಡು ಕಡಿದು ಕಬ್ಬು ಹಾಕಿದರು. ಹೌದು, ಅವಲಕ್ಕಿ ಅವರು ಎರಡು ದಿನ ಕೂತಿದ್ದ ಅದೇ ಹಚಿಜೋ. 1983ರವರೆಗೆ ಗದ್ದೆಯಿಂದ ಫ್ಯಾಕ್ಟರಿಗೆ ಕಬ್ಬು ಹೊರುವ ಪುಟ್ಟ ರೈಲು ಓಡುತ್ತಿತ್ತು. ಒಂದು ವಿಡಿಯೊದಲ್ಲಿ ಹುಡುಗ ಸೈಕಲ್ ಮೇಲೆ ಗದ್ದೆ ಪಕ್ಕ ಹೋಗ್ತಾ ಇದ್ದಾನೆ. ಗಾಳಿಗೆ ಗರಿ ಗರಿ ಉಜ್ಜುವ ಸದ್ದು, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಸೀದಾ ನಮ್ಮೂರು. ಆ ದ್ವೀಪದಲ್ಲಿ ಹೈಸ್ಕೂಲ್ ಇಲ್ಲ. ಹದಿನೈದಕ್ಕೆ ಮಕ್ಕಳು ಮನೆ ಬಿಟ್ಟು ಒಕಿನಾವಾಕ್ಕೆ ಹೋಗಲೇಬೇಕು.

ಟ್ರೈಪಾಡ್‌ಅಕ್ಕ:
ಅಪ್ಪನ ನೋಟ್‌ಬುಕ್‌ಗೆ ಒಂದು ಎಚ್ಚರಿಕೆ. ವಿಡಿಯೊ ಹಾಕಿದ ತಾರೀಖು ನೋಡಿ ಬರೆಯಲಿ. ಹೊಕ್ಕೈಡೊದ ಮಶಿಕೆ ಅನ್ನೋ ಮೀನುಗಾರರ ಊರಿಗೆ ಹೋಗುವ ರೈಲಿನ ವಿಡಿಯೊ ನನಗೆ ಪ್ರಾಣ. ಆ ರೈಲು 2016ರ ಡಿಸೆಂಬರ್‌ನಲ್ಲೇ ನಿಂತಿದೆ. ಸ್ಟೇಷನ್ ಕಟ್ಟಡ ಇದೆ, ರೈಲಿಲ್ಲ. ಕೆಳಗೆ ಕಾಮೆಂಟಿನಲ್ಲಿ ಇವತ್ತಿಗೂ ಟೈಮಿಂಗ್ ಕೇಳ್ತಾರೆ.

ಹಳೇರೂಟು:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಶಿಕೆ ವಿಷಯ ಹೇಳಿದೆ. ಅಪ್ಪ ಆ ಪುಟ ಹರಿಯಲಿಲ್ಲ, ಪಕ್ಕದಲ್ಲಿ 'ರೂಟ್ ಬಂದ್' ಅಂತ ಬರೆದರು. ಅವರ ಹಳೇ ರೂಟುಗಳಲ್ಲೂ ಎರಡು ಹಾಗೇ ಆಗಿವೆ. ಕ್ರೇನಿನ ವಿಡಿಯೊ ನಮ್ಮ ಕೆಲಸದವಳನ್ನೂ ಕೂರಿಸಿಕೊಂಡು ನೋಡಿದರು.

ನಿನ್ನೆ ಒಗಸವಾರ ದ್ವೀಪಗಳ ವಿಡಿಯೊ ಹಾಕಿದ್ದೆ. ಟೋಕಿಯೊದಿಂದ 1,000 ಕಿ.ಮೀ., ಅಲ್ಲಿನ ಚಿಚಿಜಿಮಾ ದ್ವೀಪಕ್ಕೆ ಹಡಗಿನಲ್ಲಿ 24 ಗಂಟೆ. ವಿಮಾನ ನಿಲ್ದಾಣ ಇಲ್ಲ. ಸಾಮಾನ್ಯವಾಗಿ ಆರು ದಿನಕ್ಕೊಮ್ಮೆ ಒಂದು ಹಡಗು. ಹಡಗು ಬಂದ ದಿನ ಅಂಗಡಿಯಲ್ಲಿ ಹಾಲು, ತರಕಾರಿಗೆ ಜನ ಕ್ಯೂ ನಿಂತಿದ್ದರು. ಅಪ್ಪನಿಗೆ ಅದು ತುಂಬ ಸರಿ ಅನಿಸಿತು. ಕೊನೆಗೆ ಹಡಗು ವಾಪಸ್ ಹೊರಡುವಾಗ ಒಂದು ಇದೆಯಲ್ಲ, ದಡದಲ್ಲಿ ಡೋಲು ಬಾರಿಸುತ್ತಾರೆ, ಸಣ್ಣ ಸಣ್ಣ ದೋಣಿಗಳು ಹಡಗಿನ ಪಕ್ಕಕ್ಕೇ ಓಡಿ ಬರುತ್ತವೆ. ಎಲ್ಲರೂ ಏನೋ ಕೂಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ದೋಣಿಯಿಂದ ನೀರಿಗೆ ಹಾರುತ್ತಾರೆ. ಏನು ಕೂಗುವುದು ಅದು?

ಯೊಕೊಹಾಮಾಅವಲಕ್ಕಿ:
'ಇತ್ತೆರಾಶ್ಶಾಯ್'. ಹಡಗಿನವರು ತಿರುಗಿ ಕೂಗುವುದು 'ಇತ್ತೆಕಿಮಾಸು'. ದಿನಾ ಮನೆ ಬಿಡುವಾಗ ಹೇಳುವ ಮಾತು. ಪದಕ್ಕೆ ಪದ ಕನ್ನಡವೇ: ಹೋಗಿ ಬನ್ನಿ, ಹೋಗಿ ಬರ್ತೀನಿ. ಅಲ್ಲಿ ಪ್ರವಾಸಿಗಳಿಗೂ ಸಯೊನಾರಾ ಹೇಳುವುದಿಲ್ಲ.

ಹಳೇರೂಟು:
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದದ್ದು ಹಾಗೇ ಬರೆಯುತ್ತೇನೆ: "ಮೂವತ್ತೆರಡು ವರ್ಷ ಬಸ್ ಹಿಂದೆ ಓಡಿ ಬಂದೋರನ್ನ ನೋಡಿದೀನಿ. ಹತ್ತೋಕಲ್ದೆ ಓಡಿ ಬಂದೋರನ್ನ ಈಗ್ಲೇ ನೋಡಿದ್ದು. ಇನ್ನೊಂದ್ಸಲ ಹಾಕು, ಸೌಂಡ್ ಜಾಸ್ತಿ ಮಾಡು."